ನಕ್ಷತ್ರದ ಮೇಲೆ ಕಣ್ಣಿಡಬೇಡ, ಪುಟ್ಟಿ

ನಿಮ್ಮಪ್ಪ ಮೊನ್ನೆ ರಾತ್ರಿ ಫೋನ್ ಮಾಡಿ, "ಎಂ.ಎಸ್. ಮಾಡಲಿ ಅಂತ ಅಮೆರಿಕಕ್ಕೆ ಕಳಿಸಿದರೆ ಇವಳು ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಹೊಡೆದಾಡೋ ಆಟಕ್ಕೆ ಸೇರ್ತಾಳಂತೆ, ನೀನೇ ಸ್ವಲ್ಪ ಬುದ್ಧಿ ಹೇಳಕ್ಕ" ಅಂದ. ಹೊಡೆದಾಡುವುದಕ್ಕಲ್ಲ ಕಣೋ, ಹೊಡೆದಾಡುವವರ ಮೇಲೆ ಸೀಟಿ ಊದುವುದಕ್ಕೆ ಅಂತ ತಿದ್ದಿದೆ. ಎರಡಕ್ಕೂ ಇರುವ ವ್ಯತ್ಯಾಸ ಅವನಿಗೆ ತಿಳಿದ ಹಾಗೆ ಕಾಣಲಿಲ್ಲ. ಬುದ್ಧಿ ಹೇಳುವುದೇನೋ ಹೇಳುತ್ತೇನೆ, ಅವನು ಬಯಸಿದ ಬುದ್ಧಿಯಲ್ಲ ಅಷ್ಟೆ.

ನಿನ್ನ ಅತ್ತೆ ಜನ್ಮದಲ್ಲಿ ಸ್ಕೇಟ್ ಕಟ್ಟಿದವಳಲ್ಲ. ಆದರೂ ನಮ್ಮೂರಿನ ರೋಲರ್ ಡರ್ಬಿ ಲೀಗ್‌ನಲ್ಲಿ ವರ್ಷಗಟ್ಟಲೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೇನೆ. ಈ ಆಟದಲ್ಲಿ ಆಟಗಾರರಿಗಷ್ಟೇ ಅಲ್ಲ, ರೆಫರಿಗಳಿಗೂ ಲೆಕ್ಕ ಬರೆಯುವವರಿಗೂ ಒಂದೊಂದು ಆಟದ ಹೆಸರಿರುತ್ತದೆ. ನನ್ನ ಅಂಗಿಯ ಬೆನ್ನಿನ ಮೇಲೆ ದೊಡ್ಡಕ್ಷರದಲ್ಲಿ 'ಅಜ್ಜಿ ಅಲಾರಂ' ಅಂತಿದೆ. ಇದನ್ನು ನಿಮ್ಮಪ್ಪನಿಗೆ ಹೇಳಬೇಡ.

ನೀನು ಕೂತು ನೋಡಿದ ಆಟಗಳಲ್ಲಿ ನಿನ್ನ ಕಣ್ಣು ಎಲ್ಲಿತ್ತು, ಹೇಳು. ಹೆಲ್ಮೆಟ್ ಮೇಲೆ ನಕ್ಷತ್ರದ ಬಟ್ಟೆ ಹಾಕಿಕೊಂಡವಳ ಮೇಲೆ ತಾನೆ? ಒಂದೊಂದು ತಂಡದಿಂದ ಐದೈದು ಜನ ಇಳಿಯುತ್ತಾರೆ. ನಾಲ್ವರು ಬ್ಲಾಕರ್‌ಗಳು, ಅವರಲ್ಲಿ ಪಟ್ಟೆಯ ಬಟ್ಟೆ ಹಾಕಿದವಳು ಪಿವಟ್. ಐದನೆಯವಳು ನಕ್ಷತ್ರದವಳು, ಜಾಮರ್. ಅವಳು ಗುಂಪನ್ನು ಒಮ್ಮೆ ಸೀಳಿಕೊಂಡು ಹೊರಬಂದು, ಸುತ್ತು ಹಾಕಿ ಬಂದು ಮತ್ತೆ ನುಗ್ಗಿದಾಗ ಎದುರಾಳಿ ಬ್ಲಾಕರ್ ಒಬ್ಬೊಬ್ಬರನ್ನು ದಾಟಿದ್ದಕ್ಕೂ ಒಂದೊಂದು ಅಂಕ. ಹೆಚ್ಚೆಂದರೆ ಎರಡು ನಿಮಿಷ ನಡೆಯುವ ಈ ಓಟಕ್ಕೆ ಜಾಮ್ ಅನ್ನುತ್ತಾರೆ. ಮೂವತ್ತು ಸೆಕೆಂಡ್ ಬಿಟ್ಟು ಇನ್ನೊಂದು ಜಾಮ್. ಹೀಗೆ ಮೂವತ್ತು ಮೂವತ್ತು ನಿಮಿಷದ ಎರಡು ಭಾಗ. ಅಷ್ಟು ಹೊತ್ತೂ ಸಭಾಂಗಣದ ಕಣ್ಣೆಲ್ಲ ಆ ಎರಡು ನಕ್ಷತ್ರಗಳ ಹಿಂದೆಯೇ ಓಡುತ್ತಿರುತ್ತದೆ. ಟಿಕೆಟ್ ಕೊಟ್ಟು ಬಂದವರು ಹಾಗೇ ನೋಡಬೇಕು. ನೀನು ಮಾತ್ರ ಇನ್ನು ಮೇಲೆ ಹಾಗೆ ನೋಡುವ ಹಾಗಿಲ್ಲ.

ತೇರು ಎಳೆಯುವ ದಿನ ಊರಿಗೆ ಊರೇ ಕಳಶದ ಕಡೆ ಮುಖ ಎತ್ತಿ ಬಾಳೆಹಣ್ಣು, ದವನ ಎಸೆಯುತ್ತಿರುತ್ತದೆ. ಗಾಲಿಗೆ ಮರದ ಅಡೆ ಕೊಡುವವನೊಬ್ಬ ಮಾತ್ರ ಕಳಶ ನೋಡುವುದಿಲ್ಲ, ಗಾಲಿ ನೋಡುತ್ತಾನೆ. ರೋಲರ್ ಡರ್ಬಿಯಲ್ಲಿ ಪೂರ್ತಿ ತಂಡ ಇದ್ದರೆ ಸ್ಕೇಟ್ ಮೇಲೆ ಏಳು ಜನ ರೆಫರಿಗಳು. ಅವರಲ್ಲಿ ಇಬ್ಬರೇ ಜಾಮರ್ ರೆಫರಿಗಳು, ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರ. ಮಿಕ್ಕ ಐವರು, ಅಂದರೆ ಹೆಡ್ ರೆಫರಿಯೂ ಸೇರಿ ಟ್ರ್ಯಾಕಿನ ಒಳಗೆ ಇಬ್ಬರು, ಹೊರಗೆ ಮೂವರು, ಬ್ಲಾಕರ್‌ಗಳ ಗುಂಪನ್ನು ಕಾಯುತ್ತಾರೆ. ಜಾಮರ್ ಅದ್ಭುತವಾಗಿ ಒಂದು ಕಾಲಿನ ಮೇಲೆ ಗೆರೆಯಂಚಿನಿಂದ ಹಾರಿಹೋದಳು ಅನ್ನು. ಜನ ಎದ್ದು ನಿಂತು ಕಿರುಚುತ್ತಾರೆ. ಅದೇ ಕ್ಷಣದಲ್ಲಿ ಅವಳ ಹಿಂದೆ ಯಾರೋ ಯಾರದೋ ಬೆನ್ನಿಗೆ ಮುಂಗೈ ಕೊಟ್ಟು ನೂಕಿರುತ್ತಾಳೆ. ಹೊರಗಡೆಯ ರೆಫರಿ ನೀನಾಗಿದ್ದರೆ ಆ ಹಾರಾಟ ನಿನಗೆ ಕಂಡಿರಲೇಬಾರದು. ಆಟ ಮುಗಿದ ಮೇಲೆ ಅಂಥದ್ದೊಂದು ಜಿಗಿತ ಆಯಿತಂತೆ ಅಂತ ಬೇರೆಯವರ ಬಾಯಿಂದ ಕೇಳುವುದೇ ಒಳ್ಳೆಯ ರೆಫರಿಯ ಪಾಡು. ಆಟದ ಮೇಲಿನ ಪ್ರೀತಿಯಿಂದ ಬಂದವರಿಗೆ ಮೊದಲಿಗೆ ಇದು ಬಹಳ ಕಷ್ಟ. ಎಷ್ಟೋ ಜನ ಈ ಒಂದು ಕಾರಣಕ್ಕೇ ಬಿಟ್ಟು ಹೋಗುವುದನ್ನು ನೋಡಿದ್ದೇನೆ, ಅದರಲ್ಲಿ ತಪ್ಪೇನೂ ಇಲ್ಲ.

ಈ ನೋಟ ಸ್ಕೇಟ್ ಮೇಲೆ ನಿಂತು ಬರುವುದಿಲ್ಲ. ಆದ್ದರಿಂದ ಮೊದಲ ಕೆಲವು ತಿಂಗಳು ಸ್ಕೇಟ್ ಮನೆಯಲ್ಲೇ ಇರಲಿ. ಸ್ಕೇಟ್ ಇಲ್ಲದ ಅಧಿಕಾರಿಗಳಿಗೆ ಇಲ್ಲಿ ಎನ್‌ಎಸ್‌ಒ ಅನ್ನುತ್ತಾರೆ: ಪೆನಾಲ್ಟಿ ಬಾಕ್ಸ್‌ನವರು, ಜಾಮ್ ಟೈಮರ್, ಅಂಕ ಬರೆಯುವವರು, ಪೆನಾಲ್ಟಿ ಬರೆಯುವವರು, ಯಾರು ಯಾವ ಜಾಮ್‌ಗೆ ಇಳಿದರು ಅಂತ ಬರೆಯುವವರು. ಯಾವ ಲೀಗ್‌ಗೆ ಹೋದರೂ ಈ ಜನಕ್ಕೆ ಬರ. ನೀನು ಹೋಗಿ "ರೆಫರಿ ಆಗಬೇಕು" ಅಂದರೆ ನಗುನಗುತ್ತಾ ತರಬೇತಿಯ ದಿನ ಹೇಳಿ ಕಳಿಸುತ್ತಾರೆ. "ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರುತ್ತೇನೆ" ಅಂದು ನೋಡು, ಅಪ್ಪಿಕೊಂಡು ಒಳಗೆ ಕರೆದೊಯ್ಯುತ್ತಾರೆ.

ಬಾಕ್ಸ್‌ನ ಕೆಲಸ ಸಣ್ಣದು ಅಂದುಕೊಳ್ಳಬೇಡ. ತಪ್ಪು ಮಾಡಿದವಳು ಮೂವತ್ತು ಸೆಕೆಂಡ್ ಕುರ್ಚಿಯಲ್ಲಿ ಕೂರಬೇಕು. ಹಿಂದೆ ಒಂದು ನಿಮಿಷ ಇತ್ತು, 2014ರಲ್ಲಿ ಅರ್ಧಕ್ಕೆ ಇಳಿಸಿದರು. ಅವಳು ಬಾಗಿಲಿಗೆ ಬಂದಾಗ ಅಲ್ಲ, ಕುರ್ಚಿಯಲ್ಲಿ ಕೂತಾಗ ಗಡಿಯಾರ ಓಡಬೇಕು. ಹತ್ತು ಸೆಕೆಂಡ್ ಉಳಿದಾಗ ಬಣ್ಣ, ನಂಬರ್ ಕೂಗಿ "ಸ್ಟ್ಯಾಂಡ್" ಅನ್ನಬೇಕು. ಮುಗಿದಾಗ "ಡನ್". ಮಧ್ಯೆ ಜಾಮ್ ನಿಂತರೆ ಗಡಿಯಾರವೂ ನಿಲ್ಲಬೇಕು, ಮುಂದಿನ ಸೀಟಿಗೆ ಮತ್ತೆ ಶುರು. ಒಬ್ಬಳಾದರೆ ಸರಿ. ಒಂದೇ ತಂಡದ ಇಬ್ಬರು ಬ್ಲಾಕರ್‌ಗಳು ನಾಲ್ಕು ಸೆಕೆಂಡ್ ಅಂತರದಲ್ಲಿ ಬಂದು ಕೂತು, ಇಬ್ಬರೂ ಏದುಸಿರು ಬಿಡುತ್ತಾ "ನನಗೆಷ್ಟು ಉಳೀತು?" ಅಂತ ಕೇಳುತ್ತಿದ್ದರೆ, ನಿನ್ನ ಎರಡು ಕೈಯಲ್ಲಿ ಎರಡು ಸ್ಟಾಪ್‌ವಾಚ್, ಕಂಕುಳಲ್ಲಿ ಕ್ಲಿಪ್‌ಬೋರ್ಡ್. ಇನ್ನು ಜಾಮರ್‌ಗಳದ್ದು ಬೇರೆಯೇ ಲೆಕ್ಕ. ಒಂದು ತಂಡದ ಜಾಮರ್ ಕೂತಿರುವಾಗಲೇ ಇನ್ನೊಂದು ತಂಡದ ಜಾಮರ್ ಬಂದು ಕೂತಳು ಅಂದರೆ, ಮೊದಲು ಕೂತವಳು ಆ ಕ್ಷಣವೇ ಎದ್ದು ಹೋಗಬಹುದು. ಆಮೇಲೆ ಬಂದವಳು ಮೊದಲಿನವಳು ಕೂತಷ್ಟೇ ಹೊತ್ತು ಕೂರಬೇಕು. ಮೊದಲಿನವಳು ಹನ್ನೊಂದು ಸೆಕೆಂಡ್ ಕೂತಿದ್ದರೆ ಇವಳಿಗೂ ಹನ್ನೊಂದೇ. ಇದನ್ನು ಆ ಗಲಾಟೆಯಲ್ಲಿ, ಮೇಲಿನಿಂದ ಹಾಡು ಅಬ್ಬರಿಸುತ್ತಿರುವಾಗ, ಮನಸ್ಸಿನಲ್ಲೇ ಲೆಕ್ಕ ಹಾಕಿ ಕೂಗಬೇಕು. ಆ ಹೊತ್ತಿಗೆ ಟ್ರ್ಯಾಕಿನಲ್ಲಿ ಏನು ನಡೆಯುತ್ತಿದೆ ಅಂತ ತಲೆ ಎತ್ತಿ ನೋಡುವ ಆಸೆ ಬಂದೇ ಬರುತ್ತದೆ. ತಲೆ ಎತ್ತದೆ ಇರುವುದನ್ನು ಕಲಿಯುವ ಜಾಗ ಅದು.

ಬಾಕ್ಸ್ ಕೈಗೆ ಹತ್ತಿದ ಮೇಲೆ ಪೆನಾಲ್ಟಿ ಬರೆಯುವ ಕೆಲಸ ಕೇಳು. ರೆಫರಿಯ ಕೈಸನ್ನೆ ನೋಡಿ, ಕೂಗು ಕೇಳಿ, ನಂಬರಿನ ಮುಂದೆ ಒಂದಕ್ಷರದ ಗುರುತು ಹಾಕಬೇಕು. ಬೆನ್ನಿಗೆ ಹೊಡೆದರೆ ಬಿ, ಮುಂಗೈ ತಾಗಿಸಿದರೆ ಎಫ್, ಗೆರೆಯಾಚೆ ಹೋಗಿ ಅಡ್ಡದಾರಿಯಲ್ಲಿ ಒಳಗೆ ಬಂದರೆ ಎಕ್ಸ್. ಏಳು ಗುರುತು ತುಂಬಿದವಳು ಆ ದಿನದ ಆಟದಿಂದಲೇ ಹೊರಗೆ. ಹಾಗಾಗಿ ಆರನೆಯದು ಬಿದ್ದ ಕೂಡಲೇ ಆ ಹಾಳೆ ಹಿಡಿದವಳಿಗಿಂತ ಮುಖ್ಯರಾದವರು ಕಟ್ಟಡದಲ್ಲಿ ಯಾರೂ ಇರುವುದಿಲ್ಲ. ನಾಲ್ಕು ಆಟ ಈ ಹಾಳೆ ಬರೆದರೆ ಯಾವ ರೆಫರಿಯ ದನಿ ಕೇಳುತ್ತದೆ, ಯಾರ ಸನ್ನೆ ಅರ್ಧಕ್ಕೇ ಇಳಿದುಬಿಡುತ್ತದೆ, ಯಾರು ಸೀಟಿ ಊದಿ ಆಮೇಲೆ ನಂಬರ್ ಹುಡುಕುತ್ತಾರೆ, ಎಲ್ಲವೂ ಗೊತ್ತಾಗಿಹೋಗುತ್ತದೆ. ರೆಫರಿ ಹೇಗಿರಬೇಕು ಅಂತ ರೆಫರಿಗಳಿಗಿಂತ ಆ ಹಾಳೆಯವರಿಗೇ ಚೆನ್ನಾಗಿ ಗೊತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ರೆಫರಿಗಳು ಒಪ್ಪುವುದಿಲ್ಲ, ಬಿಡು.

ಈಗ ಸೀಟಿ. ಇಲ್ಲಿ ಬಹಳಷ್ಟು ರೆಫರಿಗಳು ಬೆರಳಿಗೆ ಸಿಕ್ಕಿಸಿಕೊಳ್ಳುವ ಸೀಟಿ ಬಳಸುತ್ತಾರೆ, ಒಳಗೆ ಗುಂಡು ಇಲ್ಲದ್ದು. ಗುಂಡಿನ ಸೀಟಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ ಅಂತ ರೋಸಿಹೋದ ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ 1987ರಲ್ಲಿ ಮಾರುಕಟ್ಟೆಗೆ ತಂದ ಫಾಕ್ಸ್ 40 ಆ ಬಗೆಯದು. ಸೀಟಿಗೂ ಒಂದು ಭಾಷೆ ಇದೆ. ಒಂದು ಚಿಕ್ಕ ಊದು, ಜಾಮ್ ಶುರು. ಎರಡು ಚಿಕ್ಕವು, ಗುಂಪನ್ನು ಮೊದಲು ನ್ಯಾಯವಾಗಿ ಸೀಳಿ ಬಂದವಳು ಲೀಡ್ ಜಾಮರ್ ಆದಳು ಅಂತ. ಅವಳು ಎರಡೂ ಕೈಯಲ್ಲಿ ಸೊಂಟ ತಟ್ಟಿಕೊಂಡು ಜಾಮ್ ಅನ್ನು ಯಾವಾಗ ಬೇಕಾದರೂ ಮುಗಿಸಬಹುದು. ನಾಲ್ಕು ಬಿರುಸಿನವು, ಜಾಮ್ ಮುಗಿಯಿತು. ಒಂದೇ ಉದ್ದನೆಯದು, ಪೆನಾಲ್ಟಿ. ಅದರ ಬೆನ್ನಿಗೇ ಬಣ್ಣ, ನಂಬರ್, ತಪ್ಪಿನ ಹೆಸರು: "ಬ್ಲ್ಯಾಕ್, ಟೂ ಸೆವೆನ್, ಬ್ಯಾಕ್ ಬ್ಲಾಕ್." ನಂಬರನ್ನು 'ಟ್ವೆಂಟಿ ಸೆವೆನ್' ಅನ್ನುವುದಿಲ್ಲ, ಅಂಕಿ ಅಂಕಿ ಬಿಡಿಸಿ ಹೇಳಬೇಕು.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ತೊಡಕು ಉಂಟು. ಮೆಲ್ಲಗೆ ಮಾತಾಡು, ನಾಲ್ಕು ಜನಕ್ಕೆ ಕೇಳೋ ಹಾಗೆ ಕಿರುಚಬೇಡ ಅಂತ ನನ್ನನ್ನೂ ಹಾಗೇ ಬೆಳೆಸಿದರು, ನಿನ್ನನ್ನೂ ಹಾಗೇ ಬೆಳೆಸಿದ್ದಾರೆ. ಟ್ರ್ಯಾಕಿನಲ್ಲಿ ನಾಲ್ಕು ಜನಕ್ಕಲ್ಲ, ನಾನೂರು ಜನ ಕೂಗುತ್ತಿದ್ದರೂ ಪೆನಾಲ್ಟಿ ಆದವಳಿಗೆ ಕೇಳಬೇಕು. ನಿನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಹಗಲು ಹೊತ್ತಿನಲ್ಲಿ ಆಪರೇಷನ್ ಮಾಡುವ ಡಾಕ್ಟರೋ ಕೋರ್ಟಿನಲ್ಲಿ ವಾದಿಸುವ ಲಾಯರೋ ಆಗಿರಬಹುದು. ಅವಳ ಮುಖ ನೋಡಿ ಬಾಕ್ಸ್‌ಗೆ ಹೋಗು ಅನ್ನಬೇಕು, 'ಸಾರಿ' ಅನ್ನದೆ, 'ಪ್ಲೀಸ್' ಅನ್ನದೆ. ಅಭ್ಯಾಸಕ್ಕೆ ಒಂದು ಉಪಾಯ ಹೇಳಿಕೊಡುತ್ತೇನೆ. ಹೈವೇಯಲ್ಲಿ ಸ್ನೇಹಿತೆಯ ಪಕ್ಕ ಕೂತು ಹೋಗುವಾಗ ಮುಂದಿನ ಕಾರಿನ ಬಣ್ಣ, ನಂಬರ್ ಪ್ಲೇಟಿನ ಅಂಕಿಗಳನ್ನು ಗಂಟಲು ಬಿಟ್ಟು ಕೂಗು. ಗಾಜು ಏರಿಸಿರಲಿ. ಗಂಟಲಿನಿಂದ ಕೂಗಿದರೆ ಅರ್ಧ ಗಂಟೆಯಲ್ಲಿ ದನಿ ಬಿದ್ದುಹೋಗುತ್ತದೆ, ಹೊಟ್ಟೆಯಿಂದ ಕೂಗಿದರೆ ಎರಡು ಆಟಕ್ಕೂ ಬರುತ್ತದೆ. ಸಂಗೀತದ ಪಾಠಕ್ಕೆ ಹೋಗಿದ್ದೆಯಲ್ಲ, ನಿನಗೆ ಇದನ್ನು ನಾನೇನು ಹೇಳಬೇಕು!

ಊದುವುದಕ್ಕಿಂತ ಊದದೆ ಇರುವುದು ಕಷ್ಟ. ನಿಯಮ ಏನು ಹೇಳುತ್ತದೆ ಅಂದರೆ, ಅನುಮಾನ ಇದ್ದರೆ ಆಟಗಾರ್ತಿ ಸರಿಯಾಗಿಯೇ ಆಡಿದಳು ಅಂತ ತಿಳಿಯಬೇಕು. ಇಬ್ಬರು ಢಿಕ್ಕಿ ಹೊಡೆದರು, ಒಬ್ಬಳು ದಬ್ಬೆಂದು ಬಿದ್ದಳು. ಬಿದ್ದಳು ಅನ್ನುವುದೇ ಪೆನಾಲ್ಟಿ ಅಲ್ಲ. ಭುಜ, ಸೊಂಟ, ಎದೆ ತಾಗಿ ಬೀಳಿಸುವುದು ಇಲ್ಲಿ ನ್ಯಾಯವಾದ ಆಟ. ತಲೆ, ಮೊಣಕೈ, ಮುಂಗೈಯಿಂದ ಹೊಡೆದರೆ, ಬೆನ್ನಿಗೆ ಹೊಡೆದರೆ, ತೊಡೆಯ ನಡುವಿಗಿಂತ ಕೆಳಗೆ ಹೊಡೆದರೆ ತಪ್ಪು. ಅಷ್ಟೇ ಸಾಲದು, ಆ ಪೆಟ್ಟಿನಿಂದ ಎದುರಿನವಳ ಸ್ಥಾನ ಹೋಯಿತೇ, ಓಟ ಕೆಟ್ಟಿತೇ ಅಂತಲೂ ನೋಡಬೇಕು. ಬೆನ್ನಿಗೆ ಕೈ ತಾಗಿತು, ಅವಳು ಅಲುಗಾಡಲೂ ಇಲ್ಲ ಅಂದರೆ ಊದುವ ಹಾಗಿಲ್ಲ. ಎರಡನ್ನೂ, ಅಂದರೆ ತಾಗಿದ ಜಾಗವನ್ನೂ ತಾಗಿದ ಪರಿಣಾಮವನ್ನೂ, ನೀನೇ ಕಣ್ಣಾರೆ ಕಂಡಿರಬೇಕು. ಒಬ್ಬಳು ಮಾರು ದೂರ ಹಾರಿ ಬಿದ್ದಿದ್ದಾಳೆ, ಹಿಂದೆ ನಿಂತವಳ ಮುಖದಲ್ಲಿ ಕಳ್ಳನಗು ಇದೆ, ಬೆಂಚಿನಿಂದ ಕೋಚ್ ಅರಚುತ್ತಿದ್ದಾನೆ. ನಿನಗೆ ಮಾತ್ರ ಆ ಪೆಟ್ಟು ಕಂಡಿಲ್ಲ. ಊಹೆ ಎಷ್ಟೇ ಗಟ್ಟಿಯಾಗಿದ್ದರೂ ಸೀಟಿ ಬಾಯಿಗೆ ಹೋಗಬಾರದು. ಟ್ರ್ಯಾಕಿನ ಆಚೆ ಬದಿಯಲ್ಲಿ ಇನ್ನೊಬ್ಬ ರೆಫರಿ ಇದ್ದಾನೆ, ಅವನ ಕೋನದಿಂದ ಕಂಡಿದ್ದರೆ ಅವನು ಊದುತ್ತಾನೆ. ಅವನೂ ಊದಲಿಲ್ಲವಾದರೆ ಆ ತಪ್ಪು ಹಾಗೇ ಹೋಗುತ್ತದೆ. ಅದನ್ನು ನುಂಗಿಕೊಳ್ಳಬೇಕು.

ಎಲ್ಲಕ್ಕಿಂತ ಗೋಜಲಿನದ್ದು ಪ್ಯಾಕ್. ಎರಡೂ ತಂಡದ ಬ್ಲಾಕರ್‌ಗಳು ಸೇರಿದ, ಒಬ್ಬರಿಂದೊಬ್ಬರು ಹತ್ತು ಅಡಿಯೊಳಗೆ ಇರುವ, ಟ್ರ್ಯಾಕಿನೊಳಗಿನ ಅತಿ ದೊಡ್ಡ ಗುಂಪು ಪ್ಯಾಕ್. ಅದರ ಮುಂದಕ್ಕೂ ಹಿಂದಕ್ಕೂ ಇಪ್ಪತ್ತು ಅಡಿಯ ತನಕ ಮಾತ್ರ ಬ್ಲಾಕರ್‌ಗಳು ಕಾದಾಡಬಹುದು. ಗುಂಪು ಒಡೆದ ಕ್ಷಣ ಒಳಗಿನ ರೆಫರಿ "ನೋ ಪ್ಯಾಕ್!" ಅಂತ ಕೂಗಬೇಕು. ಓಡುವ ಗುಂಪಿನ ಮಧ್ಯೆ ಹತ್ತು ಅಡಿ ಅಳೆಯುವುದು ಪುಸ್ತಕದಿಂದ ಬರುವುದಲ್ಲ. ಟ್ರ್ಯಾಕಿನ ಮೇಲೆ ಪ್ರತಿ ಹತ್ತು ಅಡಿಗೂ ಗುರುತು ಹಾಕಿರುತ್ತಾರೆ, ಅದನ್ನೇ ಹಿಡಿದುಕೊಂಡು ಕಣ್ಣು ಪಳಗಿಸಬೇಕು. ಪುಸ್ತಕ ಓದಬೇಡ ಅಂತಲ್ಲ. ವಿಮೆನ್ಸ್ ಫ್ಲಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್‌ನ ನಿಯಮಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಅದರ ಜೊತೆ ಕೇಸ್‌ಬುಕ್ ಅಂತ ಇನ್ನೊಂದು ಇದೆ. ಹೀಗಾದರೆ ಹೀಗೆ, ಯಾಕೆಂದರೆ ಹೀಗೆ ಅಂತ ಒಂದೊಂದೇ ಪ್ರಸಂಗ ಬಿಡಿಸಿಟ್ಟಿದ್ದಾರೆ. ನಿಯಮಕ್ಕಿಂತ ಮೊದಲು ಅದನ್ನೇ ಓದು.

ಈ ಆಟಕ್ಕೆ ನೆಟ್ಟಗಿನ ರೆಫರಿ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಹಿನ್ನೆಲೆ ಒಂದಿದೆ. 1935ರಲ್ಲಿ ಶಿಕಾಗೋದಲ್ಲಿ ಲಿಯೋ ಸೆಲ್ಟ್ಜರ್ ಅನ್ನುವ ವ್ಯಾಪಾರಿ ಶುರು ಮಾಡಿದಾಗ ಇದು ದಿನಗಟ್ಟಲೆ ನಡೆಯುವ ಸ್ಕೇಟಿಂಗ್ ಓಟ. ಜನ ಢಿಕ್ಕಿಗಳನ್ನೇ ಇಷ್ಟಪಟ್ಟರು, ಢಿಕ್ಕಿಯೇ ಆಟವಾಯಿತು. ಟಿವಿ ಬಂದ ಮೇಲೆ ಬರಬರುತ್ತಾ ಕುಸ್ತಿ ಪ್ರದರ್ಶನದ ಹಾಗೆ ಮೊದಲೇ ಬರೆದಿಟ್ಟ ಜಗಳ, ಬರೆದಿಟ್ಟ ಗೆಲುವು ಸೇರಿಕೊಂಡವು. ರೆಫರಿಯೂ ನಾಟಕದ ಒಂದು ಪಾತ್ರ. 2000ದ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹೆಂಗಸರು ಇದನ್ನು ಮತ್ತೆ ಎತ್ತಿಕೊಂಡು, ಹಾಲ್ ಬಾಡಿಗೆಯಿಂದ ಹಿಡಿದು ನಿಯಮದ ತನಕ ಎಲ್ಲವನ್ನೂ ತಾವೇ ನಡೆಸತೊಡಗಿದರು. 2004ರಲ್ಲಿ ಲೀಗ್‌ಗಳು ಸೇರಿ ಒಕ್ಕೂಟವಾದವು. ಗೆಲುವು ನಿಜದ್ದು ಅಂತ ತೋರಿಸಲು ಅವರ ಕೈಲಿದ್ದ ಸಾಕ್ಷಿ ನಾವು ಬರೆಯುವ ಹಾಳೆಗಳೇ.

ಕೂಗಾಡುವವರಿಗೆ ಹೆದರಬೇಡ. ತಂಡದ ಪರವಾಗಿ ಹೆಡ್ ರೆಫರಿಯ ಹತ್ತಿರ ಮಾತಾಡಲು ಕ್ಯಾಪ್ಟನ್ ಮತ್ತು ಅವರ ಬದಲಿಗೆ ಗೊತ್ತುಮಾಡಿದ ಇನ್ನೊಬ್ಬರಿಗೆ ಮಾತ್ರ ಅಧಿಕಾರ. ಪ್ರತಿ ಅರ್ಧದಲ್ಲೂ ತಂಡಕ್ಕೆ ಒಂದು ಅಫೀಷಿಯಲ್ ರಿವ್ಯೂ ಇದೆ. ಆಗ ಹೆಡ್ ರೆಫರಿ ನಿಮ್ಮನ್ನೆಲ್ಲ ಸೇರಿಸಿ "ಯಾರಿಗೆ ಏನು ಕಂಡಿತು?" ಅಂತ ಕೇಳುತ್ತಾರೆ. "ನನಗೆ ಕಾಣಲಿಲ್ಲ" ಅನ್ನುವ ಮಾತು ಅಲ್ಲಿ ಪೂರ್ತಿ ಮರ್ಯಾದೆಯ ಉತ್ತರ. ಕಂಡ ಹಾಗೆ ಮಾತಾಡುವವರು ಒಂದು ಋತುವಿನಲ್ಲೇ ಎಲ್ಲರಿಗೂ ಗೊತ್ತಾಗಿಬಿಡುತ್ತಾರೆ.

ಗೆಳೆತನದ ವಿಷಯ. ಆಟಗಾರರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣು, ಯಾರೂ ಬೇಡ ಅನ್ನುವುದಿಲ್ಲ. ಎಷ್ಟೋ ಅಧಿಕಾರಿಗಳು ಗಂಡನೋ ಹೆಂಡತಿಯೋ ಆಡುತ್ತಾರೆ ಅಂತಲೇ ಬಂದವರು. ಆಟದ ಹೊತ್ತಿಗೆ ಮಾತ್ರ ಚಪ್ಪಾಳೆ ಇಲ್ಲ, ನಗು ಇಲ್ಲ, "ಅಯ್ಯೋ" ಅನ್ನುವುದೂ ಇಲ್ಲ. ನಿನ್ನ ರೂಂಮೇಟ್ ಆಡುತ್ತಿದ್ದರೆ ಹೆಡ್ ರೆಫರಿಗೆ ಮೊದಲೇ ಹೇಳಿಬಿಡು, ಜಾಗ ಬದಲಿಸಿ ಕೊಡುತ್ತಾರೆ. ಆಟ ಮುಗಿದ ಮೇಲಿನ ಪಾರ್ಟಿಗೆ ಧಾರಾಳವಾಗಿ ಹೋಗು, ಕಪ್ಪು ಬಿಳುಪು ಪಟ್ಟೆಯ ಅಂಗಿ ಬಿಚ್ಚಿಟ್ಟು ಹೋಗು. ಪಾರ್ಟಿಯಲ್ಲಿ ಯಾರಾದರೂ ಬಂದು "ಆ ನಾಲ್ಕನೇ ಪೆನಾಲ್ಟಿ..." ಅಂತ ಶುರು ಮಾಡಿದರೆ ಪಿಜ್ಜಾ ತರಲು ಎದ್ದು ಹೋಗುವುದು ನನ್ನ ಪದ್ಧತಿ.

ದುಡ್ಡು ಬರುವುದಿಲ್ಲ ಅಂತ ನಿಮ್ಮಪ್ಪನಿಗೆ ಈಗಲೇ ಹೇಳಿಬಿಟ್ಟಿದ್ದೇನೆ. ಊಟ ಸಿಗುತ್ತದೆ, ದೂರದ ಊರಿಗೆ ಹೋದರೆ ಯಾರದೋ ಮನೆಯ ಸೋಫಾ ಸಿಗುತ್ತದೆ. ಕೆಲವು ಹುಡುಗರು ಒಂದು ವರ್ಷ ಊದಿದ ಕೂಡಲೇ ದೊಡ್ಡ ಟೂರ್ನಿಗಳ, ಸರ್ಟಿಫಿಕೇಟಿನ ಹಿಂದೆ ಬೀಳುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಊರಿನ ಮಕ್ಕಳ ಆಟಕ್ಕೆ ರೆಫರಿ ಇಲ್ಲದೆ ಪರದಾಡುತ್ತಿರುವಾಗ ಇವರು ವಿಮಾನ ಹತ್ತಿರುತ್ತಾರೆ. ಓದು ಮುಗಿಸಿ ಬೆಂಗಳೂರಿಗೆ ವಾಪಸಾದರೂ ಕಲಿತದ್ದೇನೂ ನಷ್ಟವಾಗುವುದಿಲ್ಲ. ನಮ್ಮ ರೋಲರ್ ಸ್ಕೇಟಿಂಗ್ ಫೆಡರೇಷನ್‌ನ ರಾಷ್ಟ್ರೀಯ ಕೂಟಗಳಲ್ಲಿ ಈಗ ರೋಲರ್ ಡರ್ಬಿಯೂ ಒಂದು ವಿಭಾಗ. ಅಲ್ಲೂ ಹಾಳೆ ಬರೆಯುವವರು ಬೇಕು.

ಹೋದ ವಾರ ನೀನು ಸ್ಕೇಟ್‌ನ ಬೆಲೆ ಕೇಳಿದ್ದೆಯಲ್ಲ, ಈಗಲೇ ಕೊಳ್ಳಬೇಡ. ನೀನು ಚಿಕ್ಕವಳಿದ್ದಾಗ ಬಡಾವಣೆಯ ರಿಂಕ್‌ನಲ್ಲಿ ಕಲಿತದ್ದು ಒಂದೇ ಸಾಲಿನ ಚಕ್ರದ್ದು, ಇಲ್ಲಿ ಆಡುವವರದ್ದು ಎರಡೆರಡು ಚಕ್ರದ ಕ್ವಾಡ್. ಲೀಗ್‌ನವರ ಹತ್ತಿರ ಹಳೆಯ ಜೋಡಿ ಇರುತ್ತದೆ, ಅದರಲ್ಲಿ ನಿಂತು, ಬಿದ್ದು, ಆಮೇಲೆ ಕೊಳ್ಳುವುದು. ಆಗ ಹೆಲ್ಮೆಟ್, ಮಂಡಿ, ಮೊಣಕೈ, ಮಣಿಕಟ್ಟಿನ ಪ್ಯಾಡ್ ಎಲ್ಲಾ ಬೇಕು. ಬಿದ್ದವರು ಜಾರಿಕೊಂಡು ಬರುವುದು ರೆಫರಿಯ ಕಾಲಬುಡಕ್ಕೇ. ನಿನ್ನ ಆ ಎಡ ಮಂಡಿಗೆ ಅಗ್ಗದ ಪ್ಯಾಡ್ ತರಬೇಡ, ಮಿಕ್ಕಿದ್ದರಲ್ಲಿ ಬೇಕಾದರೆ ಉಳಿಸು. ಸ್ಕೇಟ್ ಮೇಲೆ ನಿಲ್ಲುವ ಮೊದಲು ವಿಮೆಯ ಕಾಗದಕ್ಕೆ ಸಹಿ ಹಾಕಿದೆಯಾ ಅಂತ ಎರಡು ಸಲ ಕೇಳು, ನಿನ್ನ ಯೂನಿವರ್ಸಿಟಿಯ ವಿಮೆ ಇದಕ್ಕೆ ಅನ್ವಯಿಸುತ್ತದೆ ಅಂತ ಅಂದುಕೊಂಡು ಕೂರಬೇಡ. ಸದ್ಯಕ್ಕೆ ಬೇಕಾದದ್ದು ಎರಡು ಸ್ಟಾಪ್‌ವಾಚ್, ಒಂದು ಕ್ಲಿಪ್‌ಬೋರ್ಡ್, ನಾಲ್ಕು ಪೆನ್ಸಿಲ್. ಪೆನ್ ಬೇಡ, ಬೆವರಿನ ಕೈಯಲ್ಲಿ ಹಾಳೆ ಒದ್ದೆಯಾಗಿ ಶಾಯಿ ಹರಡುತ್ತದೆ. ನಿನ್ನ ಊರಿನ ಲೀಗ್‌ನಲ್ಲಿ ಯಾವ ದಿನ ಅಭ್ಯಾಸದ ಆಟ ಇದೆ ಅಂತ ವಿಚಾರಿಸಿ, ಶುರುವಾಗುವ ಒಂದು ಗಂಟೆ ಮೊದಲು ಹೋಗಿ, ಹೆಡ್ ಎನ್‌ಎಸ್‌ಒ ಯಾರು ಅಂತ ಕೇಳು. ಪೆನಾಲ್ಟಿ ಬಾಕ್ಸ್ ಅಂತಲೇ ಹೇಳು. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಯಾರು ಗೆದ್ದರು ಅಂತ ನಾನು ಕೇಳುವುದಿಲ್ಲ. ಇಬ್ಬರು ಜಾಮರ್‌ಗಳು ಒಟ್ಟಿಗೆ ಬಂದು ಕೂತರಾ, ಆಗ ಏನು ಮಾಡಿದೆ, ಅದನ್ನು ಹೇಳು.